ಸೋಮವಾರದ ಹೌಸ್‌ಫುಲ್

ನವೆಂಬರ್ 5, ಮಂಗಳವಾರ. ಬೆಳಿಗ್ಗೆ 6:20

ಮೈದಾ ಅಂಟು ಮತ್ತೆ ಗಂಟುಗಂಟಾಯಿತು. ಬಕೆಟ್ಟಿಗೆ ಕೈ ಹಾಕಿ ಹಿಸುಕುತ್ತಾ ಕೂತೆ. ಎಂಟರೊಳಗೆ ಕೊಟ್ಟೂರು ಬಸ್ ಸ್ಟ್ಯಾಂಡಿನ ಸುತ್ತ ಸಿನಿಮಾ ಪೋಸ್ಟರ್ ಅಂಟಿಸಿ ಮುಗಿಯಬೇಕು. ಹತ್ತಕ್ಕೆ ಕಾಲೇಜು, ಫೀ ಕೌಂಟರಿನಲ್ಲಿ ನನ್ನ ಕೆಲಸ. ಪೋಸ್ಟರಿನ ಕೆಳಗೆ ನನ್ನ ಹೆಸರು — ನಿರ್ಮಾಪಕಿ: ಕುಮಾರಿ ಸೌಭಾಗ್ಯ. ನಲವತ್ತಮೂರು ವರ್ಷದ ಕುಮಾರಿ. ಬೇಡ ಎಂದರೂ ಓಬಳೇಶ ಹಾಕಿಸಿದ್ದಾನೆ. ನಿರ್ದೇಶಕನಂತೆ. ನನಗೆ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ತಮ್ಮ.

ಹಗರಿಬೊಮ್ಮನಹಳ್ಳಿಯ ಸೈಟು ಮಾರಿದ ದುಡ್ಡು ಶೂಟಿಂಗಿಗೆ ಹೋಯಿತು. ಸಂಬಳದ ಮೇಲಿನ ಸಾಲ ಎಡಿಟಿಂಗಿಗೆ ಹೋಯಿತು. ಪ್ರಚಾರಕ್ಕೆ ಉಳಿದದ್ದು ಈ ಬಕೆಟ್ ಮತ್ತು ನಾನು.

ಇಟ್ಟಿಗಿ ಊರಿಗೆ ಫೋನ್ ಮಾಡಿದೆ. ಸಿನಿಮಾದಲ್ಲಿ ಮುದುಕಿಯ ಪಾತ್ರ ಮಾಡಿದವಳು ಅಲ್ಲಿಯವಳೇ, ಭರಮಮ್ಮ. ನಮಗೆ ದೂರದ ಸಂಬಂಧ, ದೊಡ್ಡವ್ವ ಆಗಬೇಕು. ಜೀವಮಾನದಲ್ಲಿ ಕ್ಯಾಮೆರಾ ಕಂಡವಳಲ್ಲ, ಕುರಿ ಕಾಯ್ದವಳು. ಮಗನ ಹೆಣದ ಮುಂದಿನ ಸೀನನ್ನು ಒಂದೇ ಟೇಕಿನಲ್ಲಿ ಅತ್ತು ಮುಗಿಸಿದಳು. ಕ್ಯಾಮೆರಾದವನೂ ಕಣ್ಣು ಒರೆಸಿಕೊಂಡ. ಹರಪನಹಳ್ಳಿ ಟಾಕೀಸಿಗೆ ಶುಕ್ರವಾರ ಬಾ ಎಂದೆ. "ಈಗ ಬಿತ್ತಿಗಿ ನಡದೈತಿ ತಂಗಿ. ಕೆಲಸ ಇಲ್ಲದ ದಿನ ನೋಡಿ ಎಲ್ಲಾರೂ ಕೂಡಿ ಬರ್ತೀವಿ" ಎಂದಳು. ಬಂದ ಹಾಗೇ ಇದೆ, ಅಂದುಕೊಂಡೆ.

ನವೆಂಬರ್ 8, ಶುಕ್ರವಾರ. ಸಂಜೆ

'ಕಂಬಳಿ ಅಂಚು' ಬಿಡುಗಡೆ. ಮ್ಯಾಟ್ನಿಗೆ ಹತ್ತೊಂಬತ್ತು ಜನ. ಅದರಲ್ಲಿ ಹನ್ನೊಂದು ನಮ್ಮ ನೆಂಟರು, ಅವರಿಗೆ ಟಿಕೆಟ್ ನಾನೇ ತೆಗೆಸಿದ್ದು. ಇಬ್ಬರು ಫ್ಯಾನಿನ ಕೆಳಗೆ ಮಲಗಲು ಬಂದವರು. ಉಳಿದ ಆರು ಮಂದಿಯ ಕಾಲಿಗೆ ಬೀಳೋಣ ಅನ್ನಿಸಿತು.

ಟಾಕೀಸಿನ ಮ್ಯಾನೇಜರ್ ಬಂಗಾರಪ್ಪ ಒಳ್ಳೆಯ ಮನುಷ್ಯ, ಆದರೆ ವಾರದ ಬಾಡಿಗೆ ಮೊದಲೇ ಎಣಿಸಿಕೊಂಡಿದ್ದಾನೆ. "ಗುರುವಾರದ ಮಟ ದಿನಾ ಮ್ಯಾಟ್ನಿ ಒಂದ ಹಾಕ್ತೀನ್ರಿ ಅಕ್ಕಾರ. ಆಮ್ಯಾಲ ಹೊಸಾದು ಬರತೈತಿ."

ಓಬಳೇಶ ಗೇಟಿನ ಹೊರಗೆ ನಿಂತೇ ಇದ್ದ. ಒಳಗೆ ಬರಲಿಲ್ಲ. ಬೈಯಬೇಕೆಂದು ಹೋದವಳು ಚಹಾ ಕುಡಿಸಿ ಬಂದೆ.

ನವೆಂಬರ್ 9, ಶನಿವಾರ

ಚಾನೆಲ್ಲಿನವರ ಫೋನ್, ಸಿನಿಮಾ ಕೊಳ್ಳುವ ವಿಭಾಗದ ಸಾಹೇಬರು. ಸಿನಿಮಾ ಕಳಿಸಿ ಎರಡು ತಿಂಗಳಾಗಿತ್ತು. "ನೋಡಿದ್ವಿ ಮೇಡಂ, ಅಜ್ಜಿ ಚೆನ್ನಾಗಿ ಮಾಡಿದ್ದಾರೆ. ಆದ್ರೆ ಥಿಯೇಟರಲ್ಲಿ ಹೇಗಿದೆ ಅನ್ನೋದು ಮುಖ್ಯ. ಶನಿವಾರ ಭಾನುವಾರ ಯಾರ ಸಿನಿಮಾಕ್ಕೂ ಜನ ಬರ್ತಾರೆ. ಸೋಮವಾರದ ಬುಕಿಂಗ್ ನೋಡಿ ಹೇಳ್ತೀನಿ."

ಅವರು ಕೊಂಡರೆ ಸಾಲ ತೀರುತ್ತದೆ. ಸೈಟು ಹೋದರೆ ಹೋಗಲಿ. ಕೊಳ್ಳದಿದ್ದರೆ ಇನ್ನು ಏಳು ವರ್ಷ ನನ್ನ ಸಂಬಳದ ಅರ್ಧ ಬ್ಯಾಂಕಿಗೆ. ಇದೊಂದೇ ದಾರಿ ಇರುವುದು. ದೇವರಿಗೂ ಹೇಳಿದೆ, ಬೇರೆ ಏನೂ ಕೇಳುವುದಿಲ್ಲ ಅಂತ.

ನವೆಂಬರ್ 10, ಭಾನುವಾರ. ಮಧ್ಯಾಹ್ನ 3

ಓಬಳೇಶನ ಉಪಾಯ. ಬೆಂಗಳೂರಿನಲ್ಲಿ ದೊಡ್ಡವರೂ ಇದನ್ನೇ ಮಾಡುತ್ತಾರಂತೆ — ತಮ್ಮ ಸಿನಿಮಾ ಟಿಕೆಟ್ ತಾವೇ ಕೊಳ್ಳುವುದು. ಸೋಮವಾರದ ಮ್ಯಾಟ್ನಿ, ಇನ್ನೂರ ಹತ್ತು ಸೀಟು, ಸೀಟಿಗೆ ನೂರು. ಕೊರಳಲ್ಲಿದ್ದ ಎರಡೆಳೆ ಸರ ಅಡವಿಟ್ಟೆ. "ಮಂಗಳವಾರ ಬಿಡಿಸಿ ಕೊಡ್ತೀನಿ ಅಕ್ಕ" ಅಂದ. ಯಾವ ಮಂಗಳವಾರ ಎಂದು ಕೇಳಲಿಲ್ಲ.

ಬುಕಿಂಗ್ ಆ್ಯಪಿನಲ್ಲಿ ಒಂದು ಫೋನ್ ನಂಬರಿಗೆ ಹತ್ತೇ ಟಿಕೆಟ್. ಇಪ್ಪತ್ತೊಂದು ಫೋನ್ ಬೇಕು. ಕಾಲೇಜಿನ ಅಟೆಂಡರ್, ಲೈಬ್ರರಿಯನ್, ಎದುರುಮನೆಯ ಟೀಚರ್, ಹಾಲಿನವನು... ಎಲ್ಲರ ಮನೆಗೂ ಹೋಗಿ, ಫೋನ್ ಕೊಡ್ರಿ, ಓಟಿಪಿ ಹೇಳ್ರಿ ಅಂತ ಹಲ್ಲು ಗಿಂಜಿದೆ. ಒಬ್ಬಳು ನನ್ನನ್ನು ಫೋನ್ ಕಳ್ಳಿಯ ಹಾಗೆ ನೋಡಿದಳು. ನನ್ನ ದುಡ್ಡು ನನ್ನ ಕೈಯಿಂದ ಹೊರಟು ನನ್ನ ಕೈಗೇ ಬರುವಷ್ಟರಲ್ಲಿ ಆ್ಯಪಿನವರಿಗೆ ಒಂದಿಷ್ಟು, ಟಾಕೀಸಿಗೆ ಒಂದಿಷ್ಟು, ತೆರಿಗೆ ಒಂದಿಷ್ಟು. ಬುದ್ಧಿ ಇರುವವರು ಮಾಡುವ ಕೆಲಸವಲ್ಲ.

ಆ್ಯಪಿನಲ್ಲಿ ಎಲ್ಲ ಸೀಟೂ ಭರ್ತಿಯಾಗಿ ಕೆಂಪಾದಾಗ ಮಾತ್ರ ಖುಷಿಯಾಯಿತು. ಸುಳ್ಳೆಂದು ಗೊತ್ತಿದ್ದೂ ಖುಷಿಯಾಯಿತು.

ಬಂಗಾರಪ್ಪನಿಗೆ ಫೋನ್ ಮಾಡಿ ಹೇಳಿದೆ: ಹೌಸ್‌ಫುಲ್ ಬೋರ್ಡ್ ಹಾಕ್ರಿ, ಫೋಟೋ ಕಳಿಸ್ರಿ. ಚಾನೆಲ್ಲಿನವರು ಯಾರನ್ನಾದರೂ ನೋಡಿ ಬರಲು ಕಳಿಸಬಹುದು. ಯಾರು ಬಂದು ಕೇಳಿದರೂ ಟಿಕೆಟ್ ಇಲ್ಲ ಅನ್ರಿ. ಯಾರನ್ನೂ ಒಳಗೆ ಬಿಡಬೇಡ್ರಿ.

"ಯಾರನ್ನೂ?" ಎಂದ.

ಯಾರನ್ನೂ ಅಂದೆ.

ನವೆಂಬರ್ 11, ಸೋಮವಾರ. ಸಂಜೆ 6

ಕಾಲೇಜಿಗೆ ತಪಾಸಣೆ ಸಮಿತಿ ಬಂದಿತ್ತು. ಫೋನ್ ಡ್ರಾಯರಿನಲ್ಲಿತ್ತು. ಐದಕ್ಕೆ ತೆಗೆದರೆ ಬಂಗಾರಪ್ಪನ ಏಳು ಮಿಸ್ಡ್ ಕಾಲ್. ಬೋರ್ಡಿನ ಫೋಟೋ ಕೂಡ. ಹೂವಿನ ಹಾರ ಬೇರೆ ಹಾಕಿದ್ದಾನೆ, ಪಾಪ.

ವಾಪಸ್ ಫೋನ್ ಮಾಡಿದೆ.

"ಅಕ್ಕಾರ, ಎರಡು ಟ್ರ್ಯಾಕ್ಟರ್ ಮಂದಿ ಬಂದಿದ್ರು. ಇಟ್ಟಿಗಿಯವರು. ಎಂಬತ್ತು ಮಂದಿ ಇರಬಕು. ಹೆಣ್ಣುಮಕ್ಳು, ಸಣ್ಣ ಹುಡುಗ್ರು, ಬುತ್ತಿ ಕಟಿಗೆಂಡು. ಸಿನಿಮಾದಾಗಿನ ಅಜ್ಜಿನೂ ಬಂದಿದ್ಲು, ಹೊಸಾ ಸೀರಿ ಉಟಿಗೆಂಡು."

"ಒಳಗೆ ಬಿಟ್ರೇನ್ರಿ?"

"ನೀವು ಯಾರನ್ನೂ ಬಿಡಬ್ಯಾಡ ಅಂದಿದ್ರಿ. ಕೇಳಾಣ ಅಂತ ಏಳು ಸಲ ಫೋನ್ ಹಚ್ಚೀನಿ. ಒಂದು ತಾಸು ಗೇಟಿನ ಮುಂದ ಕುಂತಿದ್ರು. ಆಮ್ಯಾಲ ಬುತ್ತಿ ಉಂಡು ಹೋದ್ರು."

"ಸಿನಿಮಾ?"

"ಹಾಕಲಿಲ್ರಿ. ಒಳಗ ಒಬ್ರೂ ಇಲ್ಲ, ಕರೆಂಟ್ ಯಾಕ ಸುಡಬಕು."

ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ದಿನ. ಬಿತ್ತನೆ ಕಾಲದಲ್ಲಿ ಹಳ್ಳಿಯವರಿಗೆ ಕೆಲಸವಿಲ್ಲದ ದಿನ ಎಂದರೆ ಅದೊಂದೇ. ನಮ್ಮಪ್ಪ ಒಂದು ಸೋಮವಾರವೂ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ. ನಾನು ಹುಟ್ಟಿ ಬೆಳೆದದ್ದು ಆ ಮನೆಯಲ್ಲಿ. ಇಪ್ಪತ್ತು ವರ್ಷ ಭಾನುವಾರದ ರಜೆ ತಿಂದು ಮರೆತುಬಿಟ್ಟೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಸ್ಟಾಫ್ ರೂಮಿನಲ್ಲಿ ಯಾರೋ ನೋಡಿದರು. ನೋಡಲಿ.

ನವೆಂಬರ್ 12, ಮಂಗಳವಾರ

ಚಾನೆಲ್ ಸಾಹೇಬರು ನಗುತ್ತಲೇ ಮಾತಾಡಿದರು. "ಒಂದೇ ಶೋ ಫುಲ್, ಉಳಿದದ್ದೆಲ್ಲ ಖಾಲಿ. ಎಲ್ಲಾ ಹತ್ತು ಹತ್ತು ಟಿಕೆಟ್ ಬುಕಿಂಗ್. ಮೇಡಂ, ನಾವು ದಿನಾ ಇದೇ ನೋಡೋದು."

ಫೋನ್ ಹಿಡಿದು ಕಾಲೇಜಿನ ವರಾಂಡಕ್ಕೆ ಬಂದೆ. 

"ಬೇಜಾರು ಮಾಡ್ಕೋಬೇಡಿ. ನಿಜವಾದ ಜನ ಬಂದಿದ್ದು ಏನಾದ್ರೂ ಇದೆಯಾ? ಒಂದು ವಿಡಿಯೋ ಸಾಕು. ಹಳ್ಳಿಯವರು ಟ್ರ್ಯಾಕ್ಟರ್ ಮಾಡ್ಕೊಂಡು ಬರೋದು, ಆ ಥರದ್ದು. ಅದಿದ್ರೆ ನಮ್ಮ ಮೇಲಿನವರ ಹತ್ರ ಮಾತಾಡ್ತೀನಿ."

ಇಲ್ಲ ಸರ್ ಅಂದೆ.

ಓಬಳೇಶನಿಗೆ ಇಷ್ಟನ್ನೂ ಹೇಳಲಿಲ್ಲ. ಬೇಡವಂತೆ ಎಂದಷ್ಟೇ ಹೇಳಿದೆ. 

ನವೆಂಬರ್ 14, ಗುರುವಾರ

ಟಾಕೀಸಿನಿಂದ ಸಿನಿಮಾ ತೆಗೆದರು. ಮೂರು ದಿನ ಕರೆದರೂ ಇಟ್ಟಿಗಿಯವರಿಗೆ ಬರಲಾಗಲಿಲ್ಲ, ಹೊಲದಲ್ಲಿ ಬಿತ್ತುವ ಕೂರಿಗೆ ನಡೆದಿದೆ. ದೊಡ್ಡವ್ವನಿಗೆ ಮನೆಯಲ್ಲೇ ತೋರಿಸೋಣವೆಂದರೆ ಸಿನಿಮಾದ ಪ್ರತಿ ಇರುವ ಹಾರ್ಡ್‌ಡಿಸ್ಕ್ ಬೆಂಗಳೂರಿನ ಸ್ಟುಡಿಯೋದಲ್ಲಿ. ಬಾಕಿ ಕಟ್ಟುವ ತನಕ ಕೊಡುವುದಿಲ್ಲವಂತೆ.

ಡಿಸೆಂಬರ್ 1, ಭಾನುವಾರ

ಹದಿನೇಳು ದಿನ ಬರೆಯಲಿಲ್ಲ. ಬರೆಯುವುದೇನಿತ್ತು. ಸಂಬಳದಲ್ಲಿ ಸಾಲದ ಮೊದಲ ಕಂತು ಕಡಿತವಾಯಿತು. ಓಬಳೇಶ ಹೊಸಪೇಟೆಯಲ್ಲಿ ಮದುವೆ ವಿಡಿಯೋಕ್ಕೆ ಸೇರಿದ್ದಾನೆ. ಫೋನ್ ಎತ್ತುವುದಿಲ್ಲ.

ಇವತ್ತು ಇಟ್ಟಿಗಿಗೆ ಹೋದೆ. ಕ್ಷಮೆ ಕೇಳೋಣ, ನಿಜ ಹೇಳಿಬಿಡೋಣ ಅಂತ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ.

ಭರಮಮ್ಮ ದೊಡ್ಡವ್ವ ಕೈಹಿಡಿದು ಕೂರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಶುರು. "ಕೂಡಾಕ ಜಾಗಾನ ಇರಲಿಲ್ಲಂತಲ್ಲ ತಂಗಿ. ಊರಾಗ ಎಲ್ಲಾರಿಗೂ ಹೇಳೀನಿ. ನನ್ನ ನೋಡಾಕ ಟಾಕೀಸು ತುಂಬ ಮಂದಿ. ಆ ಬೋರ್ಡ್ ಓದಿ ಹೇಳಿದಾಗ ನಮ್ಮೋರೆಲ್ಲ ಚಪ್ಪಾಳಿ ಹೊಡದ್ರು."

"ನಿನಗ ನೋಡಾಕ ಸಿಗಲಿಲ್ಲಲ್ಲ ದೊಡ್ಡವ್ವ."

"ನನ್ನ ಮಾರಿ ನಾ ಏನ್ ನೋಡಲಿ ಬಿಡು. ಅಷ್ಟು ಮಂದಿ ನೋಡ್ಯಾರಲ್ಲ, ಸಾಕು."

ಮಜ್ಜಿಗೆ ಕೊಟ್ಟಳು. ಲೋಟ ಹಿಡಿದು ಕೂತೆ. ಆಮೇಲೆ ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

"ಮಗ ಸತ್ತಾಗ ನಾನು ಅಳೂದು ಸಿನಿಮಾದಾಗ ಇಟ್ಟಾರೇನು?"

"ಇಟ್ಟಾರ."

"ಮಂದಿ ಅತ್ರೇನು?"

ಮಜ್ಜಿಗೆ ಲೋಟ ಕೆಳಗಿಟ್ಟೆ. ಅತ್ರು ದೊಡ್ಡವ್ವ ಅಂದೆ.

"ಎಲ್ಲಾರೂ?"

ಎಲ್ಲಾರೂ ಅಂದೆ.

ಆಕೆ ಎದ್ದು ಬಂದು ನನ್ನ ಮಗ್ಗುಲಿಗೆ ಕೂತಳು. "ಹೆಂಗ ಅತ್ರು, ಸಮಾ ಹೇಳು. ಹೆಣ್ಣುಮಕ್ಳು ಏನಂದ್ರು, ಮೊದಲಿಂದ ಹೇಳು" ಎಂದಳು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣುಮಕ್ಕಳಿಂದ ಶುರು ಮಾಡಿದೆ.