ಬಲಗೈ ಮರೆತವಳು ಬೆನ್ನು ಮೇಷ್ಟ್ರಿಗೆ ಬರೆದದ್ದು

ಪ್ರೀತಿಯ ಮೇಷ್ಟ್ರಿಗೆ,

ಮೊದಲು ಒಂದು ತಪ್ಪೊಪ್ಪಿಗೆ. ಏಳು ವರ್ಷ ನಿಮ್ಮ ಹಿಂದೆ ನಿಂತು ನೃತ್ಯ ಕಲಿತ ನಾವು, ಆ ಏಳೂ ವರ್ಷ ನಿಮ್ಮನ್ನು ‘ಬೆನ್ನು ಮೇಷ್ಟ್ರು’ ಎಂದು ಕರೆದೆವು. ನಿಮಗದು ಗೊತ್ತಿಲ್ಲವೆಂದೇ ನಂಬಿದ್ದೆ. ಈಗ ಆ ನಂಬಿಕೆ ಇಲ್ಲ. ಇದನ್ನೆಲ್ಲ ಎದುರಿಗೆ ಹೇಳಹೊರಟರೆ “ಸರಿ ಸರಿ, ಹೋಗಿ ನೀರು ಕುಡಿ” ಎಂದು ಎದ್ದುಬಿಡುತ್ತೀರಿ. ಅದಕ್ಕೇ ಈ ಕಾಗದ.

ಬಡಗಿಯ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ನಾನು ಕಂಡದ್ದೆಲ್ಲ ನಿಮ್ಮ ಬೆನ್ನು. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯದು ನನ್ನ ಜಾಗ. ನಿಮ್ಮ ಬಿಳಿ ಅಂಗಿಯ ಮೇಲೆ ಬೆವರು ಮೊದಲು ಒಂದು ಎಲೆಯಷ್ಟು ಮೂಡುತ್ತಿತ್ತು, ಆಮೇಲೆ ಮೊರದಷ್ಟಾಗುತ್ತಿತ್ತು. ಅದು ಸೊಂಟ ಮುಟ್ಟಿತೆಂದರೆ ಪಾಠ ಮುಗಿಯಿತೆಂದೇ ಲೆಕ್ಕ. ನಿಮ್ಮ ಮುಂದೆ ಗೋಡೆಗೆ ಒರಗಿ ಗಾಜಿನ ಬಾಗಿಲಿನ, ಆಳಿಗಿಂತಲೂ ಎತ್ತರದ ಗಡಿಯಾರವೊಂದು ನಿಂತಿತ್ತು. ಅದರ ಮುಳ್ಳುಗಳು ಮಾತ್ರ ನಿಮ್ಮ ತಲೆಯ ಮೇಲಿಂದ ನಮಗೆ ಕಾಣುತ್ತಿದ್ದವು. ಕರೆದುಕೊಂಡು ಹೋಗಲು ಬರುತ್ತಿದ್ದ ನಮ್ಮಮ್ಮ ಬಾಗಿಲಲ್ಲಿ ನಿಂತು ನೋಡಿ, “ಏನೇ ಇದು, ನಿಮ್ಮ ಮೇಷ್ಟ್ರು ಗಡಿಯಾರ ನೋಡ್ಕೊಂಡೇ ಪಾಠ ಹೇಳ್ತಾರಲ್ಲ, ಯಾವಾಗ ಮುಗಿಯುತ್ತೋ ಅಂತ!” ಎಂದು ಆಡಿಕೊಳ್ಳುತ್ತಿದ್ದಳು.

ಕನ್ನಡಿ ಹಾಕಿಸಿ ಎಂದು ನಾವು ಕೇಳಿದಾಗ, “ಕನ್ನಡಿ ಇದ್ರೆ ನಿಮ್ಮನ್ನ ನೀವೇ ನೋಡ್ಕೋತೀರಿ. ನನ್ನ ನೋಡಿ ಸಾಕು,” ಎಂದಿದ್ದಿರಿ. ಅಷ್ಟು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದಿರಿ. ಆದರೂ ನನ್ನ ಮೊಣಕೈ ಒಂದು ಬೆರಳಷ್ಟು ಇಳಿದರೆ ಸಾಕು, “ಎರಡನೇ ಸಾಲು, ಮೂರನೆಯವಳೇ, ಕೈ!” ಎಂಬ ಕೂಗು ಬರುತ್ತಿತ್ತು. ನಿಮಗೆ ಬೆನ್ನಲ್ಲೂ ಕಣ್ಣಿದೆ ಎಂದು ನನ್ನ ಪಕ್ಕ ನಿಲ್ಲುತ್ತಿದ್ದ, ನಾವು ಬಿರುಗಾಳಿ ಎಂದು ಕರೆಯುತ್ತಿದ್ದ ಗೆಳತಿ ಆಣೆ ಮಾಡಿ ಹೇಳುತ್ತಿದ್ದಳು. ಇನ್ನೊಂದು ಪಕ್ಕದ ಎತ್ತರದ ಗೆಳತಿ ಉದ್ದಕ್ಕ, ಅದು ಕಣ್ಣಲ್ಲ, ನೆಲದ ಹಲಗೆಯ ಸದ್ದು ಎಂದು ವಾದಿಸುತ್ತಿದ್ದಳು. ನನಗೆ ಎರಡೂ ಬೇಕಿರಲಿಲ್ಲ. ಒಂದೇ ಒಂದು ಸಲ ನೀವು ತಿರುಗಿ, ನಾನು ಕುಣಿಯುವುದನ್ನು ನೋಡಬೇಕಿತ್ತು.

ಹದಿನೇಳನೇ ವಯಸ್ಸಿನಲ್ಲಿ ನಿಮ್ಮ ಮೆಟ್ಟಿಲು ಇಳಿಯುವಾಗ ಉದ್ದಕ್ಕನಿಗೆ ಹೇಳಿದ್ದೆ, “ನಾನು ಟೀಚರ್ ಆದ್ರೆ ಮಕ್ಕಳಿಗೆ ಮುಖ ತೋರಿಸ್ತೀನಿ ಕಣೇ.” ಹೇಳಿದಂತೆ ಮಾಡಿದೆ. ಇಪ್ಪತ್ತೆರಡು ವರ್ಷ ಮಕ್ಕಳ ಎದುರಿಗೆ ನಿಂತು ನೃತ್ಯ ಕಲಿಸಿದೆ. ಎದುರಿಗೆ ನಿಂತವಳು ಕನ್ನಡಿಯಂತಿರಬೇಕು. ಮಕ್ಕಳು ಬಲಗೈ ಎತ್ತಬೇಕಾದರೆ ನಾನು “ಬಲ” ಎನ್ನುತ್ತಾ ಎಡಗೈ ಎತ್ತಬೇಕು. ಮೊದಲ ವರ್ಷ ತಲೆ ಗಿರ್ರೆನ್ನುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಎಷ್ಟು ಅಭ್ಯಾಸವಾಯಿತೆಂಬುದು ಈ ವರ್ಷದವರೆಗೆ ನನಗೇ ಗೊತ್ತಿರಲಿಲ್ಲ.

ನಿಮ್ಮ ನೃತ್ಯಶಾಲೆಗೆ ನಲವತ್ತು ವರ್ಷ ತುಂಬಿತೆಂದು ನೀವು ನಮ್ಮ ಮೂವರನ್ನು ಕರೆದಿರಿ, ಆ ಹಳೆಯ ಏಳು ನಿಮಿಷದ ನೃತ್ಯವನ್ನು ಮತ್ತೆ ಮಾಡಿ ಎಂದಿರಿ. ಉದ್ದಕ್ಕ ಈಗ ಆಸ್ಪತ್ರೆಯಲ್ಲಿ ನರ್ಸ್. ಬಿರುಗಾಳಿ ಕಚೇರಿಯೊಂದರಲ್ಲಿ ಗುಮಾಸ್ತೆ, ಹೆಸರಿನ ಲಕ್ಷಣ ಯಾವುದೂ ಉಳಿದಿಲ್ಲ. ಇಬ್ಬರೂ ಗೆಜ್ಜೆ ಬಿಟ್ಟು ಇಪ್ಪತ್ತು ವರ್ಷವಾಗಿದೆ. ಅವರಿಗೆ ನಾನೇ ಹೇಳಿಕೊಡಬೇಕಾಗಬಹುದೆಂದು ಸ್ವಲ್ಪ ಜಂಬದಿಂದಲೇ ಬಂದೆ.

ಸೋಮವಾರದ ತಾಲೀಮು ನಿಮಗೆ ನೆನಪಿದ್ದೇ ಇರುತ್ತದೆ. ಮೊದಲ ಸುತ್ತಿಗೆ ಅವರಿಬ್ಬರೂ ಬಲಕ್ಕೆ ತಿರುಗಿದರು. ನಡುವೆ ಇದ್ದ ನಾನು ಎಡಕ್ಕೆ ತಿರುಗಿ ಬಿರುಗಾಳಿಯ ಮೂಗಿಗೆ ಮೊಣಕೈ ಕೊಟ್ಟೆ. ಎರಡನೇ ಸಲವೂ ಅದೇ ಮೂಗು, ಅದೇ ಮೊಣಕೈ. “ಅಮ್ಮಾ ತಾಯಿ, ನಮ್ಮಿಬ್ಬರಿಗೂ ನೆನಪಿದೆ, ದುಡಿಮೆಯೇ ಇದಾಗಿರೋ ನಿನಗೇ ಮರೆತು ಹೋಯ್ತಾ?” ಎಂದು ಅವಳು ಮೂಗು ಹಿಡಿದುಕೊಂಡೇ ನಕ್ಕಳು. ಉದ್ದಕ್ಕ ನರ್ಸಮ್ಮನಾಗಿ ಐಸ್ ಹುಡುಕಲು ಹೋದಳು. ನನಗೆ ಮರೆತಿರಲಿಲ್ಲ, ಮೇಷ್ಟ್ರೇ. ಏಳು ನಿಮಿಷವೂ ನೆನಪಿತ್ತು, ಆದರೆ ಪೂರ್ತಿ ತಿರುಗುಮುರುಗಾಗಿ. ಕುರ್ಚಿಯಲ್ಲಿ ಕೂತಿದ್ದ ನೀವು ಹೇಳಿದ್ದು ಇಷ್ಟೇ: “ಗುರುವಾರಕ್ಕೆ ಸರಿಹೋಗದಿದ್ರೆ ಇವರಿಬ್ಬರೇ ಕುಣೀಲಿ. ನೀನು ಮೈಕ್ ಹಿಡ್ಕೊ.”

ಶನಿವಾರ ಕಾರ್ಯಕ್ರಮ. ನೋಡಲು ಬರುವವರಲ್ಲಿ ನನ್ನದೇ ತರಗತಿಯ ನಲವತ್ತು ಮಕ್ಕಳು. ಅವರ ಮುಂದೆ ಮೈಕ್ ಹಿಡಿದು ನಿಲ್ಲುವುದನ್ನು ನೆನೆದು ನನಗೆ ಊಟ ಸೇರಲಿಲ್ಲ. ಬಲಗೈಗೆ ಕೆಂಪು ದಾರ ಕಟ್ಟಿಕೊಂಡೆ. ಎಡಗಾಲಿನ ಕಾಲುಚೀಲ ಕಳಚಿಟ್ಟೆ. ಅಡುಗೆಮನೆಯಲ್ಲಿ “ಬಲ, ಬಲ” ಎನ್ನುತ್ತಾ ತಿರುಗಿ ಪ್ರತಿ ಸಲವೂ ಎಡಕ್ಕಿದ್ದ ಫ್ರಿಜ್‌ಗೆ ಡಿಕ್ಕಿ ಹೊಡೆದೆ. ನಮ್ಮ ಯಜಮಾನರು ತಮ್ಮ ತಟ್ಟೆ ಎತ್ತಿಕೊಂಡು ಹೊರಗೆ ಹೋಗುತ್ತಾ, “ಗಾಡಿ ಓಡಿಸುವಾಗ ಮಾತ್ರ ಮೇಡಂ ಆಗಬೇಡ ಕಣೇ,” ಎಂದರು.

ಗುರುವಾರ ಒಬ್ಬಳೇ ಬೇಗ ಬಂದೆ. ಆಗಲಿಲ್ಲ ಮೇಷ್ಟ್ರೇ, ಮೈಕ್ ಕೊಡಿ ಎಂದೆ. ನೀವು ಕುರ್ಚಿಯನ್ನು ಗಡಿಯಾರದ ಮುಂದಕ್ಕೆ ಎಳೆದಿರಿ, ಅದರ ಬೆನ್ನು ಹಿಡಿದು ಮೊಣಕಾಲನ್ನು ಬೈದುಕೊಳ್ಳುತ್ತಾ ಎದ್ದಿರಿ, ಗೋಡೆಗೆ ಮುಖ ಮಾಡಿ ಒಂದು ಕೈ ಮೇಲೆತ್ತಿದಿರಿ. ನನ್ನ ಕಾಲು ತಾನಾಗಿ ಹೋಗಿ ಎರಡನೇ ಸಾಲಿನ ಮೂರನೇ ಜಾಗದಲ್ಲಿ ನಿಂತಿತು.

ನಿಮ್ಮ ಬಲ ಭುಜ ಅಲುಗಿತು, ನನ್ನ ಬಲ ಭುಜ ಅಲುಗಿತು. ಅಷ್ಟೇ. ಲೆಕ್ಕ ಹಾಕಬೇಕಿರಲಿಲ್ಲ, ದಾರ ನೋಡಬೇಕಿರಲಿಲ್ಲ. ನೀವು ನಮಗೆ ಬೆನ್ನು ಹಾಕಿದ್ದು ನಮ್ಮ ಬಲವೂ ನಿಮ್ಮ ಬಲವೂ ಒಂದೇ ಕಡೆ ಇರಲಿ ಎಂದು. ಇದು ತಿಳಿಯಲು ನನಗೆ ಇಪ್ಪತ್ತೆರಡು ವರ್ಷವೂ ಬಿರುಗಾಳಿಯ ಮೂಗೂ ಬೇಕಾಯಿತು.

ಮೂರನೇ ಸುತ್ತು ಮುಗಿಸಿ ತಲೆ ಎತ್ತಿದೆ. ನೀವು ಈಗ ಸ್ವಲ್ಪ ಬಾಗಿದ್ದೀರಿ, ನಾನು ಬೆಳೆದಿದ್ದೇನೆ. ನಿಮ್ಮ ಭುಜದ ಮೇಲಿಂದ ಮೊದಲ ಬಾರಿಗೆ ಗಡಿಯಾರದ ಗಾಜು ಕಂಡಿತು. ಒಳಗಿನ ಕತ್ತಲಿಗೆ ಆ ಗಾಜು ಕೊಳದ ನೀರಿನ ಹಾಗಿತ್ತು. ಅದರಲ್ಲಿ ಇಡೀ ಕೋಣೆ ಇತ್ತು, ನಾನಿದ್ದೆ, ನಿಮ್ಮ ಮುಖವೂ ಇತ್ತು. ನೀವು ಗಂಟೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಿರಿ. ನಗುತ್ತಿದ್ದಿರಿ, ಮೇಷ್ಟ್ರೇ! ನಾವು ಯಾರೂ ಒಮ್ಮೆಯೂ ಕಾಣದ ಆ ನಗು ಏಳು ವರ್ಷ ಅಲ್ಲೇ, ಲೋಲಕದ ಪಕ್ಕದಲ್ಲೇ ಇತ್ತು. ಗಾಜಿನಲ್ಲಿ ಕಣ್ಣು ಕಣ್ಣು ಸೇರಿದ ಕೂಡಲೇ ಗದರಿದಿರಿ: “ಗಡಿಯಾರ ಏನು ನೋಡ್ತೀ? ನನ್ನ ನೋಡು.”

ಶನಿವಾರ ಎಲ್ಲ ಸುತ್ತಿಗೂ ಬಲಕ್ಕೇ ತಿರುಗಿದೆ. ಬಿರುಗಾಳಿಯ ಮೂಗು ಕ್ಷೇಮವಾಗಿ ಮನೆ ಸೇರಿತು.

ಈಗ ವಾರದಲ್ಲಿ ಮೂರು ದಿನ ಮಕ್ಕಳಿಗೆ ಮುಖ ತೋರಿಸುತ್ತೇನೆ, ಎರಡು ದಿನ ಬೆನ್ನು. ಮುಖ ಪೂರ್ತಿ ಬಿಡಲು ಮನಸ್ಸು ಬರಲಿಲ್ಲ, ಕ್ಷಮಿಸಿ. ಗೋಡೆಗೆ ಗಾಜಿನ ಬಾಗಿಲಿನ ಹಳೆಯ ಪುಸ್ತಕದ ಬೀರು ಒಂದನ್ನು ತಂದು ನಿಲ್ಲಿಸಿದ್ದೇನೆ, ಒಳಗೆ ಕಪ್ಪು ಬಟ್ಟೆ. ಮೊದಲ ದಿನ ಆ ಕಡೆ ತಿರುಗಿದಾಗ ಎಲ್ಲರಿಗಿಂತ ಚಿಕ್ಕವಳು, “ಮೇಡಂ, ನಮ್ಮ ಮೇಲೆ ಕೋಪಾನಾ?” ಎಂದಳು. ಇಲ್ಲ ಪುಟ್ಟಿ ಎಂದೆ. ಎರಡು ಹೆಜ್ಜೆಯ ನಂತರ, “ಕೊನೇ ಸಾಲು, ಮೊದಲನೆಯವಳೇ, ಕೈ!” ಎಂದೆ. ಹಿಂದಿನಿಂದ ಪಿಸುಮಾತು: “ಅಯ್ಯೋ, ಬೆನ್ನಲ್ಲೂ ಕಣ್ಣಿದೆ ಕಣೇ!”

ನಾನು ತಿರುಗಲಿಲ್ಲ. ತಿರುಗಿದ್ದರೆ ನಗು ಸಿಕ್ಕಿಬೀಳುತ್ತಿತ್ತು.

ನಿಮ್ಮ ಮೊಣಕಾಲು ನಿಮ್ಮ ಮಾತು ಕೇಳಲಿ, ಗಡಿಯಾರದ ಗಾಜು ಒಡೆಯದಿರಲಿ.

ಇಂದಿಗೂ ನಿಮ್ಮ ಹಿಂದೆಯೇ ನಿಂತಿರುವ,
ಎರಡನೇ ಸಾಲಿನ ಮೂರನೆಯವಳು