ರಮ್ಜಿಯ ನೆಲಗಪ್ಪೆಗಳ ಊಟಕ್ಕೆ

ಸುಂದುಸ್,

ಕೆಲಸದ ಸಂದರ್ಶನಕ್ಕೆ ಟ್ಯೂನಿಸ್‌ಗೆ ಹೊರಟಿದ್ದೇನೆ, ಗುರುವಾರ ಬರುತ್ತೇನೆ. ಅಲ್ಲಿಯವರೆಗೆ ಕಪ್ಪೆಗಳ ಊಟ ನಿನ್ನದು.

ಇಂದು ಎರೆಹುಳು ಕೊಡು, ಪುದೀನ ಕುಂಡದ ಅಡಿಯಲ್ಲಿ ಸಿಗುತ್ತವೆ. ಬುಧವಾರ ಮಿಡತೆ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಡಬ್ಬಿಯ ಹಿಟ್ಟಿನ ಹುಳು ಎರಡಕ್ಕಿಂತ ಹೆಚ್ಚು ಬೇಡ. ನೀನು ದಿನವೂ ಅದನ್ನೇ ಕೊಡುತ್ತೀಯ, ಅದಕ್ಕೇ ನಾನು ತಂದದ್ದನ್ನು ಅವು ತಿರುಗಿಯೂ ನೋಡುವುದಿಲ್ಲ.

ಅತ್ತೆ ಊಟದ ಕುಸ್ಕುಸ್‌ನ ಮಾಂಸದ ಚೂರನ್ನು ದಾರಕ್ಕೆ ಕಟ್ಟಿ ಕಪ್ಪೆಗಳ ಮುಂದೆ ಕುಣಿಸಲು ಬಂದರೆ ತಡೆ. ಅದರಲ್ಲಿ ಖಾರವಿರುತ್ತದೆ.

ಮೊನ್ನೆ ನೀನು ಅಂದೆ, "ನಿನ್ ಕೈ ಮಂಜುಗಡ್ಡೆ ಅತ್ತಿಗೆ, ಮುಟ್ಟಿದ್ರೆ ಅವಕ್ಕೂ ನೆಗಡಿ ಬರುತ್ತೆ. ನನ್ ಹತ್ರ ನೋಡು, ಅಣ್ಣನ ಹತ್ರ ಬರ್ತಿದ್ದ ಹಾಗೇ ಬರ್ತವೆ."

ನಾನೂ ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ ಬಹಳ ಹೊತ್ತು ಕೈಗಳನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ನಿಂತಿದ್ದೆ.

ಈ ಮೂರು ದಿನ ಅವಕ್ಕೆ ಕೈಯಿಂದ ಉಣಿಸಬೇಡ. ಹುಳುಗಳನ್ನು ತಟ್ಟೆಯಲ್ಲಿ ಬಿಟ್ಟು ಹೊರಗೆ ಬಾ. ಪಕ್ಕದಲ್ಲಿ ಕೂತು ಮಾತಾಡಿಸಬೇಡ.

ನಿನ್ನಣ್ಣ ರಮ್ಜಿ ನೀನು ಹುಟ್ಟಿದಾಗಿನಿಂದ ನಿನಗಿದ್ದ. ಅವನು ಸಾಯುವ ಮೊದಲು ನನಗೆ ಸಿಕ್ಕಿದ್ದು ಮೂರೇ ವರ್ಷ. ಇವನ್ನಾದರೂ ನನಗೆ ಬಿಡು.

ವಿದಾದ್