ನಿಂತಲ್ಲೇ ನಡುಗುವ ಕಾರು

ಮಣಿನಗರ, ಅಹಮದಾಬಾದ್
೧೮ ಮೇ ೧೯೬೫, ಮಂಗಳವಾರ

ನನ್ನ ಪ್ರೀತಿಯವರೇ,

ಮಾವನ ಕಾರು ಸರಿಯಾಯಿತು, ಏರ್ ಕಂಡೀಷನ್ ಹಾಕಿಕೊಂಡು ಅರ್ಧ ಗಂಟೆ ನಿಂತರೂ ಈಗ ನಡುಗುವುದಿಲ್ಲ, ಅಂದರೆ ನಾನು ಸೂರತ್ತಿಗೆ ಬರುವುದು ಖಂಡಿತವಾಯಿತು. ಮೊದಲು ಕ್ಷೇಮ ಕೇಳಬೇಕಿತ್ತು, ಕ್ಷಮಿಸಿ. ಹೇಗಿದ್ದೀರಿ? ಹೊಸ ಹೋಟೆಲಿನ ಸುಣ್ಣದ ವಾಸನೆಗೆ ಬಂದಿದ್ದ ಕೆಮ್ಮು ಹೋಯಿತೇ? ರಾತ್ರಿ ಊಟಕ್ಕೆ ಉಳಿದ ಇಡ್ಲಿಯನ್ನೇ ತಿನ್ನುತ್ತಿಲ್ಲ ತಾನೇ? ಕಾನ್ವೆಂಟಿನಲ್ಲಿ ಸಿಸ್ಟರ್ ಪತ್ರಕ್ಕೊಂದು ಕ್ರಮ ಕಲಿಸಿದ್ದರು: ಮೊದಲ ಪ್ಯಾರಾದಲ್ಲಿ ಆರೋಗ್ಯ, ಎರಡನೆಯದರಲ್ಲಿ ಹವಾಮಾನ, ಮೂರನೆಯದರಲ್ಲಿ ಸುದ್ದಿ. ಅಷ್ಟು ತಾಳ್ಮೆ ಇರುವವರು ಗಂಡನಿಗೆ ಪತ್ರ ಬರೆದೇ ಇರಲಿಕ್ಕಿಲ್ಲ. ನಿಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಎರಡು ಇನ್‌ಲ್ಯಾಂಡ್ ಹಾಳುಮಾಡಿದ್ದೇನೆ. ಡಿಯರ್ ಎಂದು ಬರೆದರೆ ಬ್ಯಾಂಕಿನಿಂದ ಬಂದ ಕಾಗದದ ಹಾಗೆ ಕಾಣುತ್ತದೆ. ಹೆಸರು ಬರೆಯಲು ಹೋದರೆ ಪೆನ್ನೇ ನಾಚಿಕೊಳ್ಳುತ್ತದೆ. ಹವಾಮಾನ ನೂರಾ ಹನ್ನೊಂದು ಡಿಗ್ರಿ. ಈಗ ಸುದ್ದಿ.

ನೀವು ಹೋಗಿ ಇವತ್ತಿಗೆ ಆರು ವಾರ ಮೂರು ದಿನ. ಹೊರಡುವಾಗ ಮಾವ ಹೇಳಿದ್ದು ನಿಮಗೆ ನೆನಪಿದೆ: ನೀನು ಮುಂದೆ ಹೋಗಿ ಸೂರತ್ತಿನ ಹೋಟೆಲು ಸಜ್ಜುಮಾಡು, ಸೊಸೆಯನ್ನು ಹತ್ತು ದಿನದಲ್ಲಿ ನಾನೇ ಕಾರಿನಲ್ಲಿ ತಂದು ಇಳಿಸುತ್ತೇನೆ. ನಾನು ಪೆಟ್ಟಿಗೆ ಕಟ್ಟಿ ಕಾದೆ. ಆದರೆ ಅದೇ ವಾರ ಕಾರಿಗೆ ನಡುಕ ಶುರುವಾಯಿತು. ಓಡುವಾಗ ಏನೂ ಇಲ್ಲ. ಮಣಿನಗರದ ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿಗಾಗಿ ನಿಲ್ಲಿಸಿದಾಗ, ಕೂಲಿಂಗ್ ಹಾಕಿದ್ದರೆ ಮಾತ್ರ, ಇಡೀ ಕಾರು ಗಡಗಡ ನಡುಗಿ, ನನ್ನ ಬಳೆಗಳೆಲ್ಲ ತಾಳ ಹಾಕಿ, ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ಆರಿಹೋಗುತ್ತದೆ. ಹಿಂದಿನ ಟಾಂಗಾದವನು ಬಯ್ಯುತ್ತಾನೆ. ನಾಗವೇಣಿ ದೊಡ್ಡತ್ತೆ ಮೊದಲ ದಿನವೇ ಕಾರಿನ ರೋಗ ಕಂಡುಹಿಡಿದರು. "ಅಷ್ಟು ಕೂಲಿಂಗ್ ಹಾಕಿದ್ರೆ ಯಾರಿಗಾದ್ರೂ ಚಳಿ ಆಗುದಿಲ್ವಾ? ಗಾಡಿ ಅಂದ್ರೆ ಅದೂ ಒಂದು ಜೀವ ಅಲ್ವಾ?" ಎಂದು ಹೇಳಿ, ಇನ್ನು ಆ ಕಾರಿಗೆ ಕಾಲಿಡುವುದಿಲ್ಲವೆಂದು ಒಳಗೆ ಹೋದರು.

ಕೂಲಿಂಗ್ ನಿಲ್ಲಿಸಿ, ಕಿಟಕಿ ತೆಗೆದು ಹೋಗೋಣ ಎಂದು ನಾನು ಮೆಲ್ಲಗೆ ಸೂಚಿಸಿದೆ. ಮಾವ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. "ಕಿಟಕಿ ತೆಗೆದು ಹೋಗುದಾದ್ರೆ ಬಟಾಟೆ ಲಾರಿಯಲ್ಲಿ ಹೋಗಬಹುದಲ್ಲ ಮಾರಾಯ್ತಿ. ಬರೋಡಾದ ಸರದಾರರ ಮನೆಯಿಂದ ಕೊಂಡ ಗಾಡಿ ಇದು. ಅಮೇರಿಕದಲ್ಲೇ ಕೂಲಿಂಗ್ ಕೂರಿಸಿ ಕಳಿಸಿದ್ದು. ಸೂರತ್ತಿನವರು ನೋಡಬೇಕು, ಗಾಜು ಏರಿಸಿದ ಕಾರಿನಿಂದ ನಮ್ಮ ಸೊಸೆ ಬೆವರದೆ ಇಳಿಯುದನ್ನು." ಹಾಗಾದರೆ ರೈಲಿನಲ್ಲಿ ಹೋಗಲೇ ಎಂದೆ. ರೈಲಿನಿಂದ ಇಳಿದು, ತಲೆಯ ಮೇಲೆ ಹಾಸಿಗೆ ಸುರುಳಿ ಹೊತ್ತುಕೊಂಡು ಬರಲು ನೀನೇನು ಹೋಟೆಲಿಗೆ ಕೆಲಸ ಕೇಳಿಕೊಂಡು ಬಂದವಳೇ, ಎಂದು ಆ ಮಾತನ್ನೂ ಮುಗಿಸಿಬಿಟ್ಟರು. ಹೀಗೆ ನನ್ನ ಸಂಸಾರವೆಲ್ಲ ಒಂದು ಕಾರಿನ ನಡುಕಕ್ಕೆ ಗಂಟುಬಿದ್ದಿತು.

ಅಕ್ಷಯ ತದಿಗೆಯ ದಿನ ಒಮ್ಮೆ ಹೊರಟೇಬಿಟ್ಟೆವು. ಇದನ್ನು ನಿಮಗೆ ಬರೆಯಬಾರದೆಂದು ಮಾವ ಹೇಳಿದ್ದರು, ಆದ್ದರಿಂದ ಬರೆಯುತ್ತಿದ್ದೇನೆ. ಬರೋಡಾದವರೆಗೆ ರಾಜಗಾಂಭೀರ್ಯದಿಂದ ಹೋದೆವು. ಅಲ್ಲಿ ಮಾವನಿಗೆ ಕಾರನ್ನು ಅದರ ಹಳೆಯ ಮನೆಯ ಮುಂದೆ ಒಂದು ನಿಮಿಷ ನಿಲ್ಲಿಸಬೇಕೆಂಬ ಆಸೆಯಾಯಿತು. ನಿಲ್ಲಿಸಿದರು. ಸರದಾರರ ಗೇಟಿನ ಎದುರಿಗೇ ಅದು ನಡುಗಿ, ಕೆಮ್ಮಿ, ಸತ್ತುಹೋಯಿತು. ಅವರ ಹಳೆಯ ಡ್ರೈವರ್ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ನಮ್ಮ ಮನೆಯಲ್ಲಿದ್ದಾಗ ಇದಕ್ಕೆ ಈ ಕಾಯಿಲೆ ಇರಲಿಲ್ಲ ಶೇಠ್, ನೀವು ಏನು ತಿನ್ನಿಸಿದಿರಿ?" ಎಂದು ಹಿಂದಿಯಲ್ಲಿ ಕೇಳಿದ. ಕೂಲಿಂಗ್ ನಿಲ್ಲಿಸಿದ ಮೇಲೆ ಕಾರು ಮಗುವಿನ ಹಾಗೆ ಎದ್ದು ಕೂತಿತು. ಆದರೆ ಮಾವ ಮುಂದೆ ಹೋಗಲು ಒಪ್ಪಲಿಲ್ಲ. ಕಿಟಕಿ ತೆಗೆದುಕೊಂಡು, ತಲೆ ತಗ್ಗಿಸಿಕೊಂಡು, ಅಹಮದಾಬಾದಿಗೆ ವಾಪಸು ಬಂದೆವು. ದಾರಿಯುದ್ದಕ್ಕೂ ನಾನು ಸೂರತ್ತಿನ ಮೈಲಿಗಲ್ಲುಗಳು ದೂರವಾಗುತ್ತಿರುವುದನ್ನೇ ಯೋಚಿಸಿ ಅತ್ತುಬಿಟ್ಟೆ. ಅತ್ತೆ ಧೂಳು ಬಿತ್ತೆಂದುಕೊಂಡು ಕಣ್ಣಿಗೆ ಊದಿದರು.

ಜಸುಭಾಯಿ ಮಿಸ್ತ್ರಿಯನ್ನು ನೀವು ಬಲ್ಲಿರಿ. ಅವರು ನಾಲ್ಕು ಬಾರಿ ಬಂದರು. ಪ್ಲಗ್ಗು ಬದಲಿಸಿದರು, ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ಅಭಿಷೇಕ ಮಾಡಿದರು, ಕೂಲಿಂಗಿನ ಬೆಲ್ಟು ಬಿಗಿ ಮಾಡಿದರು. ಪ್ರತಿ ಸಲವೂ ಇಂಜಿನ್ ಚಾಲೂ ಮಾಡಿ ಕಿವಿಯಿಟ್ಟು, "ಏಕ್‌ದಮ್ ಎ-ವನ್ ಛೇ" ಎಂದು ಚಹಾ ಕುಡಿದು ಹೋಗುತ್ತಿದ್ದರು. ಸಂಜೆ ಗೇಟಿನಲ್ಲಿ ಅದು ಮತ್ತೆ ನಡುಗುತ್ತಿತ್ತು. ಐದನೆಯ ಸಲ ಅವರು ಬರುವ ಮೊದಲು ನನಗೊಂದು ಯೋಚನೆ ಬಂತು. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿ ದೇವರ ಕೋಣೆಯಲ್ಲಿ ಇಟ್ಟಿರುವ ಕಾರಿನ ಪುಸ್ತಕವನ್ನು ಯಾರಾದರೂ ಓದಿದ್ದಾರೆಯೇ ಎಂದು ಅತ್ತೆಯನ್ನು ಕೇಳಿದೆ. "ಅದು ಇಂಗ್ಲಿಷಿನಲ್ಲಿ ಉಂಟು, ಓದಲಿಕ್ಕಲ್ಲ, ಪೂಜೆಗೆ" ಎಂದರು. ನಾನು ಸ್ನಾನ ಮಾಡಿ ಅದನ್ನು ಕೆಳಗಿಳಿಸಿದೆ.

ಈ ಮನೆಯಲ್ಲಿ ನನ್ನ ಇಂಗ್ಲಿಷಿಗೆ ಏನು ಬೆಲೆಯಿತ್ತೆಂದು ನಿಮಗೆ ಗೊತ್ತು. ನನ್ನ ನೀರುದೋಸೆ ಕಾವಲಿಯಿಂದ ಎದ್ದು ಬರದಿದ್ದಾಗಲೆಲ್ಲ ಅತ್ತೆ, ಅದಕ್ಕೆ ಇಂಗ್ಲಿಷಿನಲ್ಲಿ ಹೇಳಿ ನೋಡು, ಎನ್ನುತ್ತಿದ್ದರು. ಮೊನ್ನೆ ಶನಿವಾರ ಅದೇ ಅತ್ತೆ ನನಗೆ ಅಂಗಳದಲ್ಲಿ ಕುರ್ಚಿ ಹಾಕಿ, ಮೇಲೆ ಕೊಡೆ ಹಿಡಿದರು. ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು, ಮಾವ ಅದನ್ನು ತಮ್ಮ ಗುಜರಾತಿಯಲ್ಲಿ ಜಸುಭಾಯಿಗೆ ಹೇಳುವುದು, ಜಸುಭಾಯಿ ಅದು ತಮಗೆ ಮೊದಲೇ ಗೊತ್ತಿತ್ತೆಂದು ಹೇಳುವುದು. ಪುಸ್ತಕದ ಮೊದಲ ಮಾತೇ ನನಗೆ ಬಹಳ ಹಿಡಿಸಿತು: ದೋಷ ಯಾವಾಗ ಕಾಣುತ್ತದೆಯೋ ಆ ಹೊತ್ತನ್ನೇ ಮೊದಲು ತಂದುಕೊಳ್ಳಿ. ಎಷ್ಟು ಸರಳ. ಜಸುಭಾಯಿ ಬರುತ್ತಿದ್ದದ್ದು ಬೆಳಿಗ್ಗೆ ಏಳಕ್ಕೆ, ತಣ್ಣಗಿರುವ ಇಂಜಿನ್ನಿಗೆ. ಕೂಲಿಂಗನ್ನು ಯಾರೂ ಹಾಕುತ್ತಿರಲಿಲ್ಲ, ಏಕೆಂದರೆ ಬಾಗಿಲು ತೆರೆದಿಟ್ಟು ತಂಪನ್ನು ಬೀದಿಗೆ ಬಿಡುವುದು ಮಾವನಿಗೆ ಆಗದು. ಡಾಕ್ಟರು ಜ್ವರ ಬಿಟ್ಟ ಹೊತ್ತಿಗೆ ಬಂದು ನಾಡಿ ನೋಡಿದ ಹಾಗೆ.

ಆದ್ದರಿಂದ ಮಧ್ಯಾಹ್ನ ಎರಡಕ್ಕೆ, ಬಿಸಿಲಿನಲ್ಲಿ, ಕೂಲಿಂಗ್ ಪೂರ್ತಿ ಹಾಕಿ ಇಂಜಿನ್ನನ್ನು ನಿಂತಲ್ಲೇ ಓಡಿಸಿದೆವು. ಹತ್ತು ನಿಮಿಷ ಏನೂ ಆಗಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ ನಡುಕ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಪ್ಪಾಳೆ ತಟ್ಟಿದೆ, ಮಾವ ಗದರಿದರು. ಇಂಜಿನ್ನಿಗೆ ಎಲ್ಲಿಂದಲಾದರೂ ಕಳ್ಳಗಾಳಿ ನುಗ್ಗುತ್ತಿದ್ದರೆ ಹೀಗೆ ಏದುಸಿರು ಬರುತ್ತದೆ, ಕೂಲಿಂಗಿನ ಭಾರ ಹೊರುವಾಗ ಅದಕ್ಕೆ ತಡೆಯಲಾಗುವುದಿಲ್ಲ, ಪ್ರತಿ ಸಂದಿಗೂ ಒಂದೆರಡು ಹನಿ ಎಣ್ಣೆ ಬಿಟ್ಟು ಸದ್ದು ಬದಲಾಗುತ್ತದೆಯೇ ನೋಡಿ ಎಂದು ಪುಸ್ತಕ ಹೇಳಿತು. ಜಸುಭಾಯಿ ಹನಿ ಬಿಡುತ್ತ ಹೋದರು. ಇಂಜಿನ್ನಿನ ಹಿಂಬದಿಯಲ್ಲಿ, ಕೈಬೆರಳಿನಷ್ಟು ದಪ್ಪದ ಒಂದು ರಬ್ಬರ್ ನಳಿಗೆಯ ಬುಡಕ್ಕೆ ಎಣ್ಣೆ ಬಿದ್ದಾಗ ನಡುಕ ತಟ್ಟನೆ ನಿಂತು, ಎಣ್ಣೆ ಒಳಗೆ ಹೋದೊಡನೆ ಮತ್ತೆ ಶುರುವಾಯಿತು. ನಳಿಗೆ ಸೀಳಿತ್ತು. ಸೀಳಿಗೆ ಯಾರೋ ಬಟ್ಟೆ ಸುತ್ತಿ ಕಪ್ಪಗಿನ ಅಂಟು ಮೆತ್ತಿದ್ದರು. ತಣ್ಣಗಿದ್ದಾಗ ಅದು ಕಲ್ಲಿನ ಹಾಗೆ ಹಿಡಿದುಕೊಳ್ಳುತ್ತದೆ. ಕೂಲಿಂಗ್ ಓಡಿ ಇಂಜಿನ್ ಕಾದರೆ ಬೆಲ್ಲದ ಪಾಕದ ಹಾಗೆ ಕರಗಿ ಬಾಯಿ ಬಿಡುತ್ತದೆ.

ಸ್ವಾಮೀ, ಆ ಅಂಟು ಹಲಸಿನ ಮೇಣ. ಆ ಬಟ್ಟೆ ಮದುವೆಯಾದ ಎರಡನೆಯ ವಾರ ನಾನು ನೀಲಿ ದಾರದಲ್ಲಿ ಹೂ ಹಾಕಿ ನಿಮಗೆ ಕೊಟ್ಟ ಕರವಸ್ತ್ರ. ಕಂಕರಿಯಾ ಕೆರೆಗೆ ಬಿದ್ದುಹೋಯಿತೆಂದು ಹೇಳಿದ್ದಿರಿ. ಮಾವ ಮಲಗಿದ್ದಾಗ ಕದ್ದು ಕಾರು ತೆಗೆದು ನನ್ನನ್ನು ಕೆರೆಗೆ ಕರೆದುಕೊಂಡು ಹೋದ ದಿನ, ವಾಪಸು ಬರುವಾಗ ಅದು ಕೆಮ್ಮಿತ್ತಲ್ಲ, ಮರುದಿನ ನೀವು ಹಿತ್ತಿಲಲ್ಲಿ ಕೂತು ಕೈಗೆ ತೆಂಗಿನೆಣ್ಣೆ ಉಜ್ಜಿಕೊಳ್ಳುತ್ತಿದ್ದಿರಿ. ಎಷ್ಟು ಶುಚಿಯಾದ ಗಂಡ ಎಂದು ನಾನು ಮಂಗಳೂರಿನ ತವರಿಗೆ ಪತ್ರ ಕೂಡ ಬರೆದಿದ್ದೆ. ಸೋರುವ ಕೊಡಕ್ಕೆ ಹಚ್ಚುವುದನ್ನು ಅಮೇರಿಕದ ಇಂಜಿನ್ನಿಗೆ ಹಚ್ಚಿ, ನನ್ನ ಹೂವನ್ನು ಅದಕ್ಕೆ ಬ್ಯಾಂಡೇಜು ಕಟ್ಟಿ, ನನ್ನನ್ನು ಆರು ವಾರ ಮೂರು ದಿನ ಇಲ್ಲಿ ಕೂರಿಸಿದವರು ನೀವೇ. ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ಅದನ್ನು ಬಂದ ಮೇಲೆ ತೋರಿಸುತ್ತೇನೆ.

ಆದರೂ ಬಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಹಳೆಯ ಮಾಲೀಕರು ಮಾಡಿಸಿದ್ದಿರಬೇಕು ಮಾವಾ ಎಂದೆ. ಜಸುಭಾಯಿ ನನ್ನ ಮುಷ್ಟಿ ನೋಡಿದರು, ಮುಖ ನೋಡಿದರು, "ಹಾಂ ಹಾಂ, ಬರೋಡಾವಾಲಾ ಕಾ ಕಾಮ್" ಎಂದರು. ಒಳ್ಳೆಯ ಮನುಷ್ಯ. ಮಾವ ಮಾತ್ರ ನಳಿಗೆಯನ್ನು ಎರಡೆರಡು ಸಲ ಮೂಸಿ ನೋಡಿದರು. "ಸರದಾರರ ಮನೆಯಲ್ಲೂ ಹಲಸಿನ ಮೇಣ ಇತ್ತಾ? ಭಾರಿ ದೊಡ್ಡ ಜನ ಮಾರಾಯ್ತಿ" ಎಂದು ಗೌರವದಿಂದ ಹೇಳಿದರು. ಅತ್ತೆ ಕೊಡೆ ಮಡಿಸುತ್ತ, ತಾವು ಹಲಸಿನ ಮೇಣ ಸುತ್ತಿಟ್ಟಿದ್ದ ಕೋಲು ಫೆಬ್ರವರಿಯಿಂದ ಕಾಣುತ್ತಿಲ್ಲವೆಂದು ಯಾರಿಗೂ ಅಲ್ಲದ ಹಾಗೆ ಹೇಳಿ ಒಳಗೆ ಹೋದರು. ಅವರಿಗೆ ಎಲ್ಲ ತಿಳಿದಿದೆ. ನೀವು ಬರುವಾಗ ಒಳ್ಳೆಯ ಸೀರೆ ತರುವುದು ಕ್ಷೇಮ.

ಹೊಸ ನಳಿಗೆ ಹಾಕಿ, ಕೂಲಿಂಗ್ ಓಡುತ್ತಿರುವಾಗಲೇ ಇಂಜಿನ್ನಿನ ಓಟವನ್ನು ಸ್ಕ್ರೂ ತಿರುಗಿಸಿ ತುಸು ಏರಿಸಿದ ಮೇಲೆ ಕಾರು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿದೆ. ಕಾಲಿಡುವುದಿಲ್ಲವೆಂದಿದ್ದ ದೊಡ್ಡತ್ತೆ ನಿನ್ನೆ ಅದರಲ್ಲೇ ಕೂತು ಜಪ ಮಾಡಿದರು. ಮಾವ ಮುಂದಿನ ಬುಧವಾರ, ಇಪ್ಪತ್ತಾರಕ್ಕೆ, ಪಂಚಾಂಗ ನೋಡಿ ಮುಹೂರ್ತ ಇಟ್ಟಿದ್ದಾರೆ. ಸಂತೋಷದಲ್ಲಿ ಸಿಕ್ಕಿದವರನ್ನೆಲ್ಲ ಕರೆದಿದ್ದಾರೆ. ಮುಂದೆ ಮಾವ, ಗಣಹೋಮದ ಭಟ್ಟರು, ಮತ್ತೆ ದಾರಿಯಲ್ಲಿ ಏನಾದರೂ ಆದರೆ ಎಂದು ಜಸುಭಾಯಿ. ಹಿಂದೆ ಅತ್ತೆ, ದೊಡ್ಡತ್ತೆ, ಗಲ್ಲಾಪೆಟ್ಟಿಗೆಯ ಮೇಲೆ ಇಡುವ ಕಟ್ಟುಹಾಕಿದ ಗಣಪತಿಯ ಪಟ, ಅದನ್ನು ತೊಡೆಯ ಮೇಲೆ ಹಿಡಿದುಕೊಂಡ ನಾನು. ಕಾಲ ಕೆಳಗೆ ಉಪ್ಪಿನಕಾಯಿ ಜಾಡಿ. ಸೂರತ್ತಿನವರಿಗೆ ಗಾಜಿನಲ್ಲಿ ಗಣಪತಿ ಕಾಣುತ್ತಾನೆ, ಸೊಸೆ ಕಾಣುವುದಿಲ್ಲ.

ಎಲ್ಲರೂ ನಿಮಗೆ ಆಶೀರ್ವಾದ ಹೇಳಿದ್ದಾರೆ. ಬಿಸಿಲಿನಲ್ಲಿ ತಿರುಗಬೇಡಿ, ಮಜ್ಜಿಗೆ ಕುಡಿಯಿರಿ, ಎಣ್ಣೆ ಕೈಯಲ್ಲಿ ಈ ಪತ್ರ ಮುಟ್ಟಬೇಡಿ.

ಸಿಟ್ಟಿನಲ್ಲಿರುವ, ನಿಮ್ಮವಳೇ ಆದ,
ವೇದಾ

ಮರೆತ ಮಾತು: ಪತ್ರ ಅಂಟಿಸುವ ಮೊದಲು ಇನ್ನೊಂದು ಕೆಲಸ ಮಾಡಿಬಂದೆ. ಬುಧವಾರದವರೆಗೆ ಕಾಯಲು ನನ್ನಿಂದಾಗದು, ಬಂದ ಮೇಲೂ ಅಷ್ಟು ಜನರ ನಡುವೆ ನಿಮ್ಮ ಮುಖ ನೋಡಲು ಸಿಗುವುದಿಲ್ಲ. ಆದ್ದರಿಂದ ಪುಸ್ತಕ ತೆಗೆದುಕೊಂಡು ಹೋಗಿ, ಕೂಲಿಂಗ್ ಓಡುವಾಗ ಐದು ಜನಕ್ಕಿಂತ ಹೆಚ್ಚು ಕೂತರೆ ನಡುಕ ಮರಳಿ ಬರುತ್ತದೆಂದು ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆ ಪುಟದಲ್ಲಿದ್ದದ್ದು ಟೈರಿಗೆ ಗಾಳಿ ಹಾಕುವ ವಿಷಯ. ಮಾವ ಬೆರಳು ಮಡಚಿ ಎಣಿಸಿದರು. ಯಾರು ಇಳಿಯುವುದೆಂದು ಕೇಳಿದಾಗ ಎಲ್ಲರೂ ಬೇರೆ ಕಡೆ ನೋಡಿದರು. ನಾನು ತಲೆ ತಗ್ಗಿಸಿ, ನಾನೇ ಇಳಿಯುತ್ತೇನೆ ಎಂದೆ. ಮಾವನಿಗೆ ಕಣ್ಣು ತೇವವಾಯಿತು, ನನಗೆ ನಾಚಿಕೆಯಾಯಿತು, ಆದರೆ ಸ್ವಲ್ಪವೇ. ಆಗ ದೊಡ್ಡತ್ತೆ, "ಅವಳು ಮುಂಚೆಯೇ ರೈಲಿನಲ್ಲಿ ಹೋಗಲಿ. ಗಣಪತಿ ಬರುವಾಗ ಹೊಸಿಲಲ್ಲಿ ಆರತಿ ಹಿಡಿಯಲಿಕ್ಕೆ ಮನೆಯ ಹೆಂಗಸು ಬೇಡ್ವಾ?" ಎಂದರು. ಒಪ್ಪಿಗೆಯಾಯಿತು. ಫಸ್ಟ್ ಕ್ಲಾಸಿನಲ್ಲೇ ಹೋಗಬೇಕೆಂದೂ, ಹಾಸಿಗೆ ಸುರುಳಿ ಯಾರಿಗೂ ಕಾಣಬಾರದೆಂದೂ ಮಾವನ ಷರತ್ತು. ಹೋಟೆಲಿನ ಅಚ್ಯುತಣ್ಣ ಸಾಮಾನಿನೊಂದಿಗೆ ಅದೇ ಗಾಡಿಯಲ್ಲಿ ಬಂದು ನನ್ನನ್ನು ನಿಮಗೆ ಒಪ್ಪಿಸಿ, ಅಲ್ಲಿಂದಲೇ ಬೊಂಬಾಯಿಗೆ ಹೋಗುತ್ತಾರೆ. ಅಂದರೆ ನಮಗೆ ಮೂರು ಇಡೀ ದಿನ. ಪ್ಲಾಟ್‌ಫಾರ್ಮಿಗೆ ಬನ್ನಿ, ಬೇಗ ಬನ್ನಿ: ಭಾನುವಾರ, ಮೇ ಇಪ್ಪತ್ತಮೂರು, ಬೆಳಗಿನ ಗುಜರಾತ್ ಎಕ್ಸ್‌ಪ್ರೆಸ್.